18 ಲಕ್ಷದಲ್ಲಿ ಮನೆ: ಈಗ ಐದು ಜನಕ್ಕೆ ಸಾಲಬೇಕು, ಮುಂದೆ ಬೆಳೀಬೇಕು, ಒಳಗೆ ತಣ್ಣಗಿರಬೇಕು. ಆಗುತ್ತಾ?

ತಿಪಟೂರು_ತೆಂಗು
ಎಲ್ಲರಿಗೂ ನಮಸ್ಕಾರ. ಊರಂಚಿನಲ್ಲಿ 30×40 ಸೈಟಿದೆ, ಖಾತೆ ಆಗಿದೆ. ಸಾಲ ಸೇರಿ ಕೈಗೆ ಸಿಗೋದು 18 ಲಕ್ಷ, ಅದರ ಮೇಲೆ ಹುಟ್ಟಲ್ಲ. ಮನೇಲಿ ನಾನು, ಹೆಂಡತಿ, ಮಗಳು, ಅಪ್ಪ, ಅಮ್ಮ. ಅಪ್ಪಂಗೆ ಮಂಡಿ ಹೋಗಿದೆ, ಮೆಟ್ಟಿಲು ಹತ್ತೋಕಾಗಲ್ಲ. ತಮ್ಮ ಬೆಂಗಳೂರಲ್ಲಿದ್ದಾನೆ, ನಾಲ್ಕೈದು ವರ್ಷಕ್ಕೆ ಊರಿಗೇ ಬಂದರೂ ಬಂದ.

ಇಂಜಿನಿಯರ್ ಹೇಳೋದು: ಪೂರ್ತಿ ಕಾಲಂ-ಬೀಮ್ ಹಾಕಿ, ಮೂರಂತಸ್ತಿಗೆ ಆಗೋ ಪಾಯ ತೆಗೆದು, ಈಗ ಎಂಟು ಚದರ (ಒಂದು ಚದರ ಅಂದ್ರೆ ನೂರು ಚದರಡಿ) ಕಟ್ಟೋಣ, ಮಿಕ್ಕಿದ್ದು ದುಡ್ಡಾದಾಗ. ಚದರಕ್ಕೆ ಎರಡು ಲಕ್ಷ ದಾಟುತ್ತಂತೆ. ಹಾಗಾದ್ರೆ ಸಂಪು, ಕರೆಂಟು, ಕಾಂಪೌಂಡು ಯಾವುದಕ್ಕೂ ಉಳಿಯಲ್ಲ.

ಮಣ್ಣಿನ ಬ್ಲಾಕು, ಒಳಗೆ ಹಂಚು ತುಂಬಿಸೋ ಫಿಲ್ಲರ್ ಸ್ಲ್ಯಾಬು, ಕಡಿಮೆ ಖರ್ಚಿನ ಮನೆ ಅಂತ ಎಷ್ಟೋ ವರ್ಷದಿಂದ ಸಂಶೋಧನೆ ನಡೀತಿದೆ ಅಂತ ಓದ್ತಾನೇ ಇರ್ತೀನಿ. ನಮ್ಮ ತಾಲ್ಲೂಕಲ್ಲಿ ಅಂಥ ಮನೆ ಒಂದೂ ಕಂಡಿಲ್ಲ. ಅದೇನು ಬೆಂಗಳೂರಲ್ಲಿ ದುಡ್ಡಿದ್ದೋರಿಗೆ ಮಾತ್ರನಾ, ನಮ್ಮಂಥೋರಿಗೂ ಆಗುತ್ತಾ? ಕಟ್ಟಿರೋರು, ಕಟ್ಟಿಸಿರೋರು ದಯವಿಟ್ಟು ಹೇಳಿ.

ಸಿವಿಲ್_ಶಶಿ
ಮೊದಲು ಆ ಕಾಲಂ ವಿಷಯ ಬಗೆಹರಿಸಿಕೊಳ್ಳಿ. ನೆಲಮಹಡಿ, ಅದರ ಮೇಲೊಂದು, ಅಷ್ಟಕ್ಕೇ ನಿಲ್ಲಿಸ್ತೀರಿ ಅಂದ್ರೆ ಗೋಡೆಯೇ ಭಾರ ಹೊರುತ್ತೆ. ಸೈಜುಗಲ್ಲಿನ ಪಾಯ, ಎಂಟಿಂಚು ಗೋಡೆ, ಪ್ಲಿಂತ್ (ನೆಲಗಟ್ಟು) ಮಟ್ಟದಲ್ಲಿ ಒಂದು, ಲಿಂಟಲ್ (ಬಾಗಿಲು ಕಿಟಕಿ ಮೇಲಿನ ತೊಲೆ) ಮಟ್ಟದಲ್ಲಿ ಒಂದು ಕಾಂಕ್ರೀಟ್ ಬೆಲ್ಟು ಮನೆ ಸುತ್ತ ಕಡಿಯದ ಹಾಗೆ ಓಡಬೇಕು. ಮೇಲಿನ ಗೋಡೆ ಕೆಳಗಿನ ಗೋಡೆ ಮೇಲೇ ಕೂರಬೇಕು. ಎರಡಂತಸ್ತಿಗೆ ಇಷ್ಟು ಸಾಕು.

ಕಾಲಂ-ಬೀಮಿನ ಫ್ರೇಮ್ ಎಲ್ಲರೂ ಹಾಕ್ತಿರೋದು ಯಾಕಂದ್ರೆ ಗೋಡೆ ಎಲ್ಲಿ ಬೇಕಾದ್ರೂ ಇಡಬಹುದು, ಪ್ಲಾನ್ ಮಾಡೋನಿಗೆ ತಲೆನೋವಿಲ್ಲ. ಆದ್ರೆ ನೀವು ಎಂದೂ ಕಟ್ಟದೆ ಹೋಗಬಹುದಾದ ಮೂರನೇ ಅಂತಸ್ತಿಗೆ ಇವತ್ತೇ ಕಂಬಿ, ಸಿಮೆಂಟು ಹೂಳ್ತಿದ್ದೀರಿ. ಅದೂ ಸಾಲದ ದುಡ್ಡಲ್ಲಿ.

ಮಂಡ್ಯ_ನಾಲೆ
ಕಾಲಂ ಇಲ್ಲದ ಮನೆಗೆ ನಾನಂತೂ ಒಪ್ಪಲ್ಲ. ಭೂಕಂಪ ಆದ್ರೆ ಯಾರು ಹೊಣೆ?

ಸಿವಿಲ್_ಶಶಿ
@ಮಂಡ್ಯ_ನಾಲೆ ಅದಕ್ಕೇ ಬೆಲ್ಟು ಹಾಕೋದು ಸಾರ್. ಮೂಲೆ ಮೂಲೆಯಲ್ಲಿ, ಕಿಟಕಿ ಬಾಗಿಲ ಪಕ್ಕ ನೇರ ಕಂಬಿ ಇಳಿಸಬಹುದು. ಕಾಲಂ ಇದ್ದ ಮಾತ್ರಕ್ಕೆ ಗಟ್ಟಿ ಅಂದ್ಕೋಬೇಡಿ. ಕಾಲಂ-ಬೀಮ್ ಸೇರೋ ಜಾಗದಲ್ಲಿ ರಿಂಗು ಸರಿಯಾಗಿ ಕಟ್ಟದ ಫ್ರೇಮಿಗಿಂತ ಬೆಲ್ಟು ಹಾಕಿದ ಒಳ್ಳೇ ಗೋಡೆ ಮೇಲು.

ಕಲಬುರಗಿ_ಬಿಸಿಲು
ಭೂಕಂಪದ ಮಾತು ಬಂತಲ್ರೀ, ಅದಕ್ಕ ಬರಿಲಿಕ್ಕತ್ತೀನಿ. 1993 ಸೆಪ್ಟೆಂಬರ್ 30. ಗಣಪತಿ ಬಿಟ್ಟು ಬಂದು ಮಂದಿ ಮಲಗಿದ್ರು, ನಸುಕಿನ್ಯಾಗ ಮಹಾರಾಷ್ಟ್ರದ ಲಾತೂರ್ ಕಡಿ ಕಿಲ್ಲಾರಿ ನಡುಗಿತು. ಸುಮಾರು 10,000 ಮಂದಿ ಹೋದ್ರು. ನಮ್ಮ ಆಳಂದ ಕಡೀನೂ ಎಲ್ಲಾರೂ ಹೊರಗ ಓಡಿ ಬಂದಿದ್ರು. ಅಲ್ಲಿ ಕೊಂದದ್ದು ಏನು? ಎರಡು-ಮೂರು ಫೂಟ್ ದಪ್ಪನ ಕಲ್ಲಿನ ಗ್ವಾಡಿ, ನಡುವ ಬರೇ ಕೆಸರು, ಮ್ಯಾಲ ವರ್ಷಾ ವರ್ಷಾ ಹಾಕ್ಕೋತ ಬಂದ ಮಣ್ಣಿನ ಛಾವಣಿ, ಮ್ಯಾಲ್ಮುದ್ದಿ. ಗ್ವಾಡಿ ಬಿಚ್ಚಿಕೊಂಡ್ವು, ಅಷ್ಟೂ ಮಣ್ಣು ಮಲಗಿದವ್ರ ಮ್ಯಾಲ ಬಿತ್ತು.

ಅವತ್ತಿನಿಂದ ನಮ್ಮ ಕಡಿ ಮಣ್ಣಿನ ಮನಿ ಅಂದ್ರ ಅಂಜತಾರ. ಎಲ್ಲಾರೂ ಸ್ಲ್ಯಾಬ್ ಹಾಕ್ಯಾರ, ಇಲ್ಲಾ ತಗಡಿನ ಪತ್ರಾ ಹಾಕ್ಯಾರ. ಈಗ ಮೇ ತಿಂಗಳದಾಗ ರಾತ್ರಿ ಹನ್ನೆರಡಾದ್ರೂ ಸ್ಲ್ಯಾಬ್ ಕಾದ ಹಂಚಿನಂಗ ಇರ್ತದ. ಹಳೇ ಮ್ಯಾಲ್ಮುದ್ದಿ ಮನ್ಯಾಗ ಅಜ್ಜ ಮಧ್ಯಾಹ್ನ ಕಂಬಳಿ ಹಾಸಿ ಮಲಗತಿದ್ದ. ತಂಪು ಹೋತು, ಅಂಜಿಕಿ ಉಳೀತು. ಸಂಶೋಧನಾ ಮಾಡೋರು ಮೊದಲ ಈ ಅಂಜಿಕಿಗೆ ಉತ್ತರಾ ಕೊಡಬೇಕು.

ಮಣ್ಣುಪರೀಕ್ಷೆ
@ಕಲಬುರಗಿ_ಬಿಸಿಲು ನೀವು ಹೇಳಿದ ಗೋಡೆಗೂ ಈಗಿನ ಮಣ್ಣಿನ ಬ್ಲಾಕಿಗೂ ಹೆಸರಷ್ಟೇ ಸಂಬಂಧ. ಇದು ಮರಳು ಬೆರೆಸಿದ ಮಣ್ಣು, ಅದಕ್ಕೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು. ಅದನ್ನ ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದ ಇಟ್ಟಿಗೆ. ಗಾರೆಯೂ ಸಿಮೆಂಟು-ಮಣ್ಣಿಂದೇ. ಗೋಡೆ ದಪ್ಪ ಏಳೆಂಟು-ಒಂಬತ್ತು ಇಂಚು.

ಇದರ ಬೇರು ತಿಪಟೂರಿಗೆ ದೂರ ಏನಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ 'ಅಸ್ತ್ರ' ಶುರು ಮಾಡಿದ್ರು. ಅದರ ಹಳ್ಳಿ ಕೇಂದ್ರ ಇದ್ದದ್ದು ನಿಮ್ಮದೇ ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಹೊಗೆ ಕಡಿಮೆ ಮಾಡೋ ಅಸ್ತ್ರ ಒಲೆ ಬಂದದ್ದೂ ಅಲ್ಲಿಂದ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದೋರು ಮಣ್ಣಿನ ಬ್ಲಾಕಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಇವರಿಬ್ಬರೂ 2003ರಲ್ಲಿ ಒಂದು ಲೆಕ್ಕ ಪ್ರಕಟಿಸಿದ್ರು. ಒಂದು ಚದರ ಮೀಟರ್ ಮನೆ ಕಟ್ಟೋಕೆ ಬೇಕಾಗೋ ಸಾಮಾನು ತಯಾರಿಸಲು ಎಷ್ಟು ಶಕ್ತಿ ಖರ್ಚಾಗುತ್ತೆ ಅಂತ. ಕಾಲಂ-ಬೀಮಿನ ಬಹುಮಹಡಿ ಕಟ್ಟಡಕ್ಕೆ 4.21 ಗಿಗಾಜೂಲ್, ಇಟ್ಟಿಗೆ ಗೋಡೆಯೇ ಭಾರ ಹೊರೋ ಮನೆಗೆ 2.92, ಮಣ್ಣಿನ ಬ್ಲಾಕಿನಂಥ ಬದಲಿ ಸಾಮಾನಿನ ಎರಡಂತಸ್ತಿನ ಮನೆಗೆ 1.61.

ಹೆಸರಘಟ್ಟ_ಲೋಕಿ
ಗಿಗಾಜೂಲ್ ಇಟ್ಕೊಂಡು ಅವರೇನ್ ಮಾಡ್ತಾರೆ ಸಾರ್? ರೂಪಾಯಿ ಎಷ್ಟು ಉಳಿಯುತ್ತೆ ಹೇಳಿ.

ಗಾರೆ_ಮಂಜಣ್ಣ
ರೂಪಾಯಿ ವಿಷಯ ನಾನು ಹೇಳ್ತೀನಿ. ಮೂವತ್ತು ವರ್ಷದಿಂದ ಗಾರೆ ಕೆಲಸ, ಮಣ್ಣಿನ ಬ್ಲಾಕಲ್ಲೂ ಕಟ್ಟಿದ್ದೀನಿ, ಸಿಮೆಂಟಿನ ಸಾಲಿಡ್ ಬ್ಲಾಕಲ್ಲೂ ಕಟ್ಟಿದ್ದೀನಿ.

ಮಣ್ಣಿನ ಬ್ಲಾಕಲ್ಲಿ ದುಡ್ಡು ಉಳಿಯೋದು ನಿಮ್ಮ ಸೈಟಿನ ಮಣ್ಣೇ ಆಗಿಬಂದ್ರೆ. ಪಾಯ ತೆಗೆದ ಮಣ್ಣು, ಸಂಪು ತೆಗೆದ ಮಣ್ಣು ಅಲ್ಲೇ ಇರುತ್ತಲ್ಲ, ಅದನ್ನ ಜರಡಿ ಹಿಡಿದು ಮಿಷನ್ ಬಾಡಿಗೆಗೆ ತಂದು ಅಲ್ಲೇ ಒತ್ತಿಸಿದ್ರೆ ಉಳಿಯುತ್ತೆ. ಬೆಂಗಳೂರಿಂದ ಲಾರಿಯಲ್ಲಿ ರೆಡಿ ಬ್ಲಾಕ್ ತರಿಸಿದ್ರೆ ಬಾಡಿಗೆಗೇ ಹೋಯ್ತು. ಒಳಗೆ ಹೊರಗೆ ಪ್ಲಾಸ್ಟರ್ ಬೇಡ, ಪೇಂಟ್ ಬೇಡ, ಅದೊಂದು ದೊಡ್ಡ ಉಳಿತಾಯ. ಆದ್ರೆ ಪ್ಲಾಸ್ಟರ್ ಇಲ್ಲ ಅಂದ್ರೆ ಸಾಲು ಸಾಲೂ ನೇರ ಇರಬೇಕು, ಮುಚ್ಚೋಕೆ ಏನೂ ಇಲ್ಲ. ಕೈ ಪಳಗಿದೋರೇ ಬೇಕು, ಕೂಲಿ ಜಾಸ್ತಿ ಆಗುತ್ತೆ.

ಮಣ್ಣು ನೋಡೋದು ಹೀಗೆ. ಮೇಲಿನ ಒಂದಡಿ ಕರಿ ಮಣ್ಣು, ಬೇರು, ಗೊಬ್ಬರದ ಅಂಶ ಎಲ್ಲ ತೆಗೆದುಹಾಕಿ ಕೆಳಗಿನದ್ದು ತಗೊಳ್ಳಿ. ಗಾಜಿನ ಬಾಟ್ಲಿಗೆ ಮೂರನೇ ಒಂದು ಪಾಲು ಮಣ್ಣು, ಮಿಕ್ಕಿದ್ದು ನೀರು, ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಒಂದು ದಿನ ಅಲ್ಲಾಡಿಸದೆ ಇಡಿ. ತಳದಲ್ಲಿ ಮರಳು ಕೂರುತ್ತೆ, ಮೇಲೆ ನುಣುಪು ಜೇಡಿ. ಮರಳಿನ ಪಾಲು ಮೂರರಲ್ಲಿ ಎರಡರಷ್ಟು ಇದ್ರೆ ಒಳ್ಳೇದು. ಜೇಡಿ ಜಾಸ್ತಿ ಆದ್ರೆ ಒಣಗಿದ ಮೇಲೆ ಬ್ಲಾಕು ಸೀಳುತ್ತೆ, ಮರಳೋ ಎಂ-ಸ್ಯಾಂಡ್ ಪುಡಿಯೋ ಬೆರೆಸಬೇಕು. ಒತ್ತೋ ಮುಂಚೆ ಕಲಸಿದ ಮಣ್ಣನ್ನ ಮುಷ್ಟಿಯಲ್ಲಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡ್ತೀವಿ. ನಾಲ್ಕೈದು ಚೂರಾದ್ರೆ ಹದ. ಪುಡಿಪುಡಿ ಆದ್ರೆ ನೀರು ಸಾಲದು, ಚಪ್ಪಟೆಯಾಗಿ ಕೂತ್ರೆ ನೀರು ಹೆಚ್ಚು. ಒತ್ತಿದ ಮೇಲೆ ಹುಲ್ಲು ಮುಚ್ಚಿ ಮೂರು ವಾರ ದಿನಾ ನೀರು. ಇದೇ ಮುಖ್ಯ. ನೀರು ಹೊಡೆಯೋದು ತಪ್ಪಿಸಿ, ಆಮೇಲೆ ಮಣ್ಣು ಸರಿ ಇಲ್ಲ ಅಂತ ದೂರೋರನ್ನ ಬೇಕಾದಷ್ಟು ನೋಡಿದ್ದೀನಿ.

ಕಲಬುರಗಿ ಅಣ್ಣಾವ್ರೇ, ನಿಮ್ಮ ಎರೆ ಮಣ್ಣಿಗೆ ಇದು ಹೊಂದಲ್ಲ. ಅದು ಒದ್ದೆಯಾದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ.

ಕೆರೆಯಂಗಳ
ಬೆಂಗಳೂರಿನ ಹೊರವಲಯದಲ್ಲಿ ಮಣ್ಣಿನ ಬ್ಲಾಕಿನ ಮನೇಲಿ ಹದಿನಾಲ್ಕು ವರ್ಷದಿಂದ ಇದ್ದೀವಿ. ಗೋಡೆಗೆ ಇವತ್ತಿನವರೆಗೂ ಬಣ್ಣ ಹೊಡೆಸಿಲ್ಲ. ಪಶ್ಚಿಮದ ಗೋಡೆ ಮಾತ್ರ ಎರಚಲಿಗೆ ಕೆಳಗೆ ಒಂದೂವರೆ ಅಡಿ ಒರಟಾಯ್ತು, ಅಲ್ಲಿಗೆ ಪ್ಲಾಸ್ಟರ್ ಮಾಡಿಸಿದ್ವಿ. ಸೂರು ಎರಡಡಿಯಾದ್ರೂ ಮುಂದೆ ಬಂದಿರಲಿ, ಇದನ್ನ ಮರೀಬೇಡಿ. ಮಣ್ಣಿನ ಗೋಡೆಗೆ ಟೋಪಿನೂ ಬೇಕು, ಬೂಟೂ ಬೇಕು ಅಂತ ನಮ್ಮ ಮೇಸ್ತ್ರಿ ಹೇಳೋರು. ಟೋಪಿ ಅಂದ್ರೆ ಸೂರು, ಬೂಟು ಅಂದ್ರೆ ಎತ್ತರದ ಕಲ್ಲಿನ ಪ್ಲಿಂತು.

ಶುಶ್ರೂಷೆ_ಸುಮಾ
ಎಲ್ಲರೂ ಗೋಡೆ, ಛಾವಣಿ ಅಂತಿದ್ದೀರಿ. ಅವರ ಅಪ್ಪನ ಬಗ್ಗೆ ಒಬ್ಬರಾದ್ರೂ ಕೇಳಿದ್ರಾ?

ನಾನು ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದೋರ ಆರೈಕೆ ಮಾಡೋ ನರ್ಸು. ಮನೆ ನೋಡಿದ್ರೆ ಐವತ್ತು ಲಕ್ಷದ್ದು, ಟೀಕ್‌ವುಡ್ ಬಾಗಿಲು, ಗ್ರಾನೈಟು. ಬಾತ್‌ರೂಮ್ ಬಾಗಿಲು ಎರಡೂವರೆ ಅಡಿ. ಅದರಲ್ಲಿ ಚೌಕಟ್ಟು ಎರಡೂ ಕಡೆ ಇಂಚುಗಟ್ಟಲೆ ತಿನ್ನುತ್ತೆ, ಬಾಗಿಲ ರೆಕ್ಕೆ ದಪ್ಪ ಬೇರೆ. ಉಳಿಯೋದು ಎರಡಡಿ. ಗಾಲಿಕುರ್ಚಿ ಅದಕ್ಕಿಂತ ಅಗಲ. ಸ್ಟ್ರೋಕ್ ಆದ ಯಜಮಾನರನ್ನ ಬಾಗಿಲ ಹೊರಗೆ ಎಬ್ಬಿಸಿ, ಇಬ್ಬರು ಹಿಡಿದು, ಒದ್ದೆ ನೆಲದ ಮೇಲೆ ಪಕ್ಕಕ್ಕೆ ತಿರುಗಿಸಿ ಒಳಗೆ ತಗೊಂಡು ಹೋಗ್ತೀವಿ. ತಾನೇ ಕಟ್ಟಿಸಿದ ಮನೇಲಿ, ತನ್ನ ಸೊಸೆ ಮುಂದೆ, ಆ ಮನುಷ್ಯ ಪಡೋ ಸಂಕಟ ನೋಡೋಕಾಗಲ್ಲ.

ತಿಪಟೂರಿನ ಅಣ್ಣಾ, ನಿಮ್ಮ ಅಪ್ಪ ಈಗ ನಡೀತಿದ್ದಾರೆ, ಸಂತೋಷ. ಆದ್ರೂ ಕೆಳಗಡೆ ಒಂದು ರೂಮು, ಅದಕ್ಕೆ ಅಂಟಿದ ಹಾಗೆ ಬಾತ್‌ರೂಮು, ಬಾಗಿಲು ಮೂರಡಿ, ಹೊರಕ್ಕೆ ತೆರೆಯೋ ಹಾಗೆ. ಒಳಗೆ ಕುರ್ಚಿ ತಿರುಗಿಸೋಕೆ ಐದಡಿ ಸುತ್ತು. ಕಮೋಡ್ ಪಕ್ಕದ ಗೋಡೆ ಗಟ್ಟಿ ಇರಲಿ, ಹಿಡಿಕೆ ಅಲ್ಲೇ ಬರೋದು. ಈಗ ಮೂರಡಿ ಬಾಗಿಲು ಇಡೋಕೆ ಮನಸ್ಸಿಲ್ಲ ಅಂದ್ರೂ ಲಿಂಟಲ್ ಮಾತ್ರ ಮೂರೂವರೆ ನಾಲ್ಕಡಿಗೆ ಹಾಕಿಸಿಬಿಡಿ. ಮುಂದೆ ಪಕ್ಕದ ನಾಲ್ಕು ಬ್ಲಾಕ್ ಕಿತ್ತರೆ ಬಾಗಿಲು ದೊಡ್ಡದಾಗುತ್ತೆ, ಗೋಡೆ ಒಡೆಯೋ ಗಲಾಟೆ ಇಲ್ಲ.

ಸಿವಿಲ್_ಶಶಿ
@ಶುಶ್ರೂಷೆ_ಸುಮಾ ಲಿಂಟಲ್ ಉಪಾಯ ಬಹಳ ಚೆನ್ನಾಗಿದೆ ಅಕ್ಕಾ. ಇನ್ನೂ ಒಂದು ಸೇರಿಸ್ತೀನಿ: ಮುಂದೆ ಎರಡು ರೂಮು ಒಂದು ಮಾಡಬಹುದು ಅನ್ನಿಸೋ ಕಡೆ ಅಡ್ಡಗೋಡೆ ಭಾರ ಹೊರದ ನಾಲ್ಕಿಂಚಿನದ್ದಾಗಿರಲಿ. ಯಾವ ಗೋಡೆ ಮುಟ್ಟಬಾರದು, ಯಾವುದನ್ನ ತೆಗೀಬಹುದು ಅಂತ ಪ್ಲಾನಿನಲ್ಲೇ ಗುರುತು ಹಾಕಿಸಿ ಜೋಪಾನ ಇಟ್ಕೊಳ್ಳಿ.

ಇಂಗ್ಲೆಂಡ್_ಇಕ್ಕೇರಿ
ಇಲ್ಲಿ ಬ್ರಿಟನ್ನಿನಲ್ಲಿ 1990ರ ದಶಕದಲ್ಲೇ ಇದಕ್ಕೆ ಒಂದು ಪಟ್ಟಿ ಮಾಡಿದ್ರು. 'ಲೈಫ್‌ಟೈಮ್ ಹೋಮ್ಸ್' ಅಂತ, ಜೋಸೆಫ್ ರೌನ್‌ಟ್ರೀ ಫೌಂಡೇಶನ್ ಕೂಡ ಅದರಲ್ಲಿತ್ತು. 16 ಅಂಶ. ಮನೆಯವರು ಮುದುಕರಾದ್ರೂ ಅದೇ ಮನೇಲಿ ಇರೋ ಹಾಗೆ ಮೊದಲೇ ಕಟ್ಟೋದು: ಬಾಗಿಲು ಅಗಲ, ಹೊಸ್ತಿಲು ಸಪಾಟು, ಕೆಳಮಹಡಿಯಲ್ಲಿ ಟಾಯ್ಲೆಟ್, ಸ್ವಿಚ್ಚು ಕುರ್ಚಿಯಲ್ಲಿ ಕೂತೋರ ಕೈಗೆಟುಕೋ ಎತ್ತರಕ್ಕೆ. ಇವೆಲ್ಲ ಕಟ್ಟುವಾಗಲೇ ಮಾಡಿದ್ರೆ ಹೆಚ್ಚಿನ ಖರ್ಚು ತೀರಾ ಕಡಿಮೆ, ಆಮೇಲೆ ಒಡೆದು ಮಾಡೋದೇ ದುಬಾರಿ.

ತಿಪಟೂರು_ತೆಂಗು
ಸುಮಕ್ಕ, ತುಂಬಾ ಥ್ಯಾಂಕ್ಸ್. ಇದನ್ನ ಇಂಜಿನಿಯರ್ ಒಂದು ಮಾತೂ ಎತ್ತಿರಲಿಲ್ಲ. ಆದ್ರೆ ಒಂದು ಗೊಂದಲ. ಮಳೆನೀರು ಬರಬಾರದು ಅಂತ ಪ್ಲಿಂತು ಒಂದೂವರೆ ಅಡಿ ಎತ್ತರಿಸಿ ಅಂತ ಎಲ್ಲರೂ ಹೇಳ್ತಿದ್ದಾರೆ. ಅಪ್ಪನಿಗೆ ಅದೇ ಮೂರು ಮೆಟ್ಟಿಲಾಯ್ತಲ್ಲ?

ಸಿವಿಲ್_ಶಶಿ
ಒಂದಿಂಚು ಏರೋಕೆ ಹನ್ನೆರಡಿಂಚು ಉದ್ದ ಬೇಕು, ಇದು ಇಳಿಜಾರಿನ ನಿಯಮ. ಹದಿನೆಂಟು ಇಂಚಿನ ಪ್ಲಿಂತಿಗೆ ಹದಿನೆಂಟಡಿ ರ‍್ಯಾಂಪು. ಸೈಟಿನ ಮುಂದೆ ಅಷ್ಟು ಜಾಗ ಸಿಗಲ್ಲ, ಆದ್ರೆ ಪಕ್ಕದಲ್ಲಿ ಸಿಗುತ್ತೆ. ಒಂದು ಮಗ್ಗುಲಲ್ಲಿ ನಾಲ್ಕಡಿ ಬಿಟ್ಟು, ಗೇಟಿಂದ ಮನೆ ಪಕ್ಕಕ್ಕೇ ಏರಿಕೊಂಡು ಹೋಗಿ ಅಪ್ಪನ ರೂಮಿನ ಹತ್ತಿರದ ಪಕ್ಕದ ಬಾಗಿಲಿಗೆ ಸೇರಿಸಿ. ಬೈಕೂ ಅಲ್ಲೇ ಬರುತ್ತೆ.

ಗಾರೆ_ಮಂಜಣ್ಣ
ರ‍್ಯಾಂಪಿಗೆ ನುಣುಪು ಟೈಲ್ಸ್ ಹಾಕಬೇಡಿ. ಒರಟು ಕಲ್ಲು, ಇಲ್ಲ ಸಿಮೆಂಟಿಗೆ ಪೊರಕೆ ಗೀರು ಎಳೆಸಿ.

ಅಮ್ಮನ_ಅಡುಗೆ
ಹೊಸ್ತಿಲು ಸಪಾಟು ಅಂದ್ರೆ ಹೇಗ್ರೀ? ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಟ್ಟು ರಂಗೋಲಿ ಹಾಕ್ತೀವಿ. ಹೊಸ್ತಿಲಿಲ್ಲದ ಮನೆ ಮನೇನಾ? ನಮ್ಮತ್ತೆ ಇದ್ದಿದ್ರೆ ಒಳಗೇ ಬರ್ತಿರಲಿಲ್ಲ.

ಶುಶ್ರೂಷೆ_ಸುಮಾ
ಪೂಜೆ ಬೇಡ ಅಂತ ನಾನು ಹೇಳ್ತಿಲ್ಲ ಅಮ್ಮ, ನಮ್ಮನೇಲೂ ಮಾಡ್ತೀವಿ. ಆದ್ರೆ ಹೊಸ್ತಿಲು ಎಡವಿ ಸೊಂಟ ಮುರ್ಕೊಂಡ ಅಜ್ಜಿಯರನ್ನ ನಾನೇ ನೋಡ್ಕೊಂಡಿದ್ದೀನಿ.

ಗಾರೆ_ಮಂಜಣ್ಣ
ಇದಕ್ಕೆ ದಾರಿ ಇದೆ. ಹೊಸ್ತಿಲ ಮರವನ್ನ ಪ್ಲಿಂತಿನೊಳಗೇ ಇಳಿಸಿ ಕೂರಿಸಿದ್ರೆ ನೆಲದಿಂದ ಮೇಲೆ ಅರ್ಧ ಇಂಚು ಮಾತ್ರ ಕಾಣುತ್ತೆ. ಎರಡೂ ಅಂಚು ಓರೆ ಹೊಡೆಸಿದ್ರೆ ಗಾಲಿ ಹತ್ತಿ ಇಳಿಯುತ್ತೆ. ಪೂಜೆಗೂ ಜಾಗ ಇರುತ್ತೆ. ಆದ್ರೆ ಹೊರಗಿನ ಜಗಲಿ ಹೊರಕ್ಕೆ ವಾಟ ಇರಬೇಕು, ಮೇಲೆ ಸೂರು ಇರಬೇಕು, ಇಲ್ಲಾಂದ್ರೆ ನೀರು ಒಳಗೆ.

ಅಮ್ಮನ_ಅಡುಗೆ
ಅರ್ಧ ಇಂಚು ಇದ್ರೆ ಆಗಬಹುದು. ಈ ಮಾತು ನಮ್ಮ ಮಗನಿಗೆ ಹೇಳ್ತೀನಿ, ಅವನೂ ಕಟ್ಟಿಸ್ತಿದ್ದಾನೆ.

ಪುತ್ತೂರು_ಗುಡ್ಡೆ
ನಮ್ಮಲ್ಲಿ ಮಣ್ಣಿನ ಬ್ಲಾಕಿನ ತಲೆಬಿಸಿಯೇ ಇಲ್ಲ ಮಾರಾಯ್ರೆ. ಕೆಂಪುಕಲ್ಲು ಉಂಟಲ್ಲ, ಕಡಿದು ತಂದು ಕಟ್ಟುವುದು. ಮೇಲೆ ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಕಾಲದಿಂದ ಊರೆಲ್ಲ ಹಂಚಿನ ಮನೆ. ಈಗ ಎಲ್ಲರೂ ಸ್ಲ್ಯಾಬ್ ಹಾಕಿ ಅದರ ಮೇಲೆ ಮಳೆಗೆ ಪುನಃ ಶೀಟ್ ಹಾಕುವುದು, ಎರಡು ಖರ್ಚು. ಹಂಚು ಯಾಕೆ ಬಿಟ್ಟರು ಅಂದರೆ ಮಂಗ. ಒಂದು ಹಿಂಡು ಬಂದರೆ ಇಪ್ಪತ್ತು ಮೂವತ್ತು ಹಂಚು ಪುಡಿ.

ಮಲೆನಾಡು_ಮಳೆ
ಮಂಗನ ಮಾತು ಎತ್ತಬೇಡಿ, ನಮ್ಮ ಕಡೆ ಹಂಚು ಇಳಿಸಿ ಶೀಟು ಹಾಕಿಸಿದೋರೆಲ್ಲ ಅದೇ ಕಾರಣಕ್ಕೆ. ಶೀಟಿನ ಕೆಳಗೆ ಜುಲೈ ಮಳೆ ಹೊಡೆದ್ರೆ ಎದುರಿಗಿದ್ದೋರ ಮಾತು ಕೇಳಿಸಲ್ಲ. ಯಾರಾದ್ರೂ ಮಂಗ ಒಡೆಯದ ಹಂಚಿನ ಬಗ್ಗೆ ಸಂಶೋಧನೆ ಮಾಡಿದ್ರೆ ಅರ್ಧ ಮಲೆನಾಡು ಕೈಮುಗಿಯುತ್ತೆ.

ಮಣ್ಣುಪರೀಕ್ಷೆ
ಹಂಚನ್ನ ಸ್ಲ್ಯಾಬಿನ ಒಳಗೇ ಹಾಕೋದೇ ಫಿಲ್ಲರ್ ಸ್ಲ್ಯಾಬು, ಮಂಗಕ್ಕೆ ಸಿಗಲ್ಲ. ಸ್ಲ್ಯಾಬಿನಲ್ಲಿ ಕೆಳಗಿನ ಭಾಗದ ಕಾಂಕ್ರೀಟು ಭಾರ ಹೊರೋದು ಕಡಿಮೆ, ಅಲ್ಲಿ ಎಳೆತ ತಡೆಯೋದು ಕಂಬಿ. ಹಾಗಾಗಿ ಕಂಬಿಗಳ ಮಧ್ಯದ ಚೌಕದಲ್ಲಿ ಒಂದರ ಮೇಲೊಂದು ಎರಡು ಹಂಚು ಇಟ್ಟು ಮೇಲೆ ಕಾಂಕ್ರೀಟ್ ಸುರೀತಾರೆ. ಕಾಂಕ್ರೀಟೂ ಉಳಿಯುತ್ತೆ, ಎರಡು ಹಂಚಿನ ನಡುವಿನ ಗಾಳಿ ಬಿಸಿಯನ್ನೂ ಸ್ವಲ್ಪ ತಡೆಯುತ್ತೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನ ಬಡವರ ಮನೆಗೂ ಹಾಕಿದ್ರು, ತಿರುವನಂತಪುರದ ದೊಡ್ಡ ಸಂಸ್ಥೆಯ ಕಟ್ಟಡಕ್ಕೂ ಹಾಕಿದ್ರು.

ಗಾರೆ_ಮಂಜಣ್ಣ
ಹಂಚನ್ನ ನೀರಲ್ಲಿ ನೆನೆಸಿ ಇಡಬೇಕು, ಒಣ ಹಂಚು ಕಾಂಕ್ರೀಟಿನ ನೀರೆಲ್ಲ ಹೀರುತ್ತೆ. ಫ್ಯಾನ್ ಹುಕ್ ಎಲ್ಲಿ, ಮೇಲೆ ಗೋಡೆ ಎಲ್ಲಿ ಬರುತ್ತೆ ಅಂತ ಮೊದಲೇ ಗುರುತು ಮಾಡಿ ಅಲ್ಲಿ ಹಂಚು ಬಿಡಬೇಕು.

ಪಂಚಾಯ್ತಿ_ಮೆಂಬರ್
ನೀವೆಲ್ಲ 18 ಲಕ್ಷದ ಲೆಕ್ಕ ಮಾಡ್ತಿದ್ದೀರಿ. ನಮ್ಮ ಊರಲ್ಲಿ ಜನ ಕಟ್ಟೋದು ಸರ್ಕಾರದ ಮನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಗೆ 1.20 ಲಕ್ಷ, ಕನಿಷ್ಠ 25 ಚದರ ಮೀಟರ್, ಅಂದ್ರೆ ಎರಡೂಮುಕ್ಕಾಲು ಚದರದ ಹತ್ತಿರ. ಪಾಯ ಆಯ್ತಾ ಫೋಟೋ, ಲಿಂಟಲ್ ಆಯ್ತಾ ಫೋಟೋ, ಆಮೇಲೆ ಕಂತು. ಕಂತು ಬರೋವರೆಗೆ ಸಿಮೆಂಟ್ ಅಂಗಡೀಲಿ ಸಾಲ, ಇಲ್ಲ ಬಡ್ಡಿ ದುಡ್ಡು. ನಮ್ಮ ವಾರ್ಡಲ್ಲಿ ಒಬ್ಬ ತಾಯಿ ಲಿಂಟಲ್‌ವರೆಗೂ ಎತ್ತಿ, ಮೇಲೆ ಟಾರ್ಪಾಲು ಕಟ್ಟಿಕೊಂಡು ಎರಡು ಮಳೆಗಾಲ ಕಳೆದ್ರು. ಈ ಮಣ್ಣಿನ ಬ್ಲಾಕಿನ ವಿಚಾರ ಮೊದಲು ಇವರಿಗೆ ಮುಟ್ಟಬೇಕಲ್ವಾ? ಮುಟ್ಟಿಲ್ಲ. ಪಕ್ಕದ ಮನೆಯೋರು ಸ್ಲ್ಯಾಬು ಹಾಕಿರುವಾಗ ನಮಗೆ ಮಾತ್ರ ಮಣ್ಣು ಯಾಕೆ ಅಂತ ಕೇಳ್ತಾರೆ. ಆ ಪ್ರಶ್ನೆ ತಪ್ಪಲ್ಲ. ಬಡವರ ಮೇಲೆ ಪ್ರಯೋಗ ಮಾಡ್ತಾರೆ ಅನ್ನೋ ಅನುಮಾನ ಹೋಗಬೇಕಾದ್ರೆ ಮೊದಲು ಪಂಚಾಯ್ತಿ ಕಚೇರಿ, ಶಾಲೆ, ಆಸ್ಪತ್ರೆ ಆ ಬ್ಲಾಕಲ್ಲಿ ಕಟ್ಟಲಿ.

ಕಲಬುರಗಿ_ಬಿಸಿಲು
ಖರೇ ಮಾತ್ರೀ. ಸಾಹೇಬ್ರ ಆಫೀಸ್ ಮೊದಲ ಕಟ್ರಿ, ಆಮ್ಯಾಲ ನಮಗ ಹೇಳ್ರಿ.

ಇಂದೋರ್_ಕನ್ನಡಿಗ
ನಾನಿರೋದು ಇಂದೋರಿನಲ್ಲಿ. ಇಲ್ಲಿ ಅರಣ್ಯ ಅಂತ ಒಂದು ಬಡಾವಣೆ ಇದೆ, 1980ರ ದಶಕದಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಯೋಜನೆ ಮಾಡಿದ್ದು. ಸುಮಾರು 6,500 ನಿವೇಶನ, ತೀರಾ ಚಿಕ್ಕದು 35 ಚದರ ಮೀಟರ್. ತೀರಾ ಬಡವರಿಗೆ ಪೂರ್ತಿ ಮನೆ ಕೊಡಲಿಲ್ಲ. ಪ್ಲಿಂತು, ಶೌಚಾಲಯ, ನೀರು, ಚರಂಡಿ ಕೊಟ್ಟು ಮಿಕ್ಕಿದ್ದನ್ನ ಅವರವರೇ ಕಟ್ಟಿಕೊಳ್ಳೋಕೆ ಬಿಟ್ಟರು. ಮಾದರಿಗೆ ಅಂತ 80 ಮನೆ ಮಾತ್ರ ಕಟ್ಟಿ ತೋರಿಸಿದ್ರು. 1995ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಈಗ ಹೋಗಿ ನೋಡಿದ್ರೆ ಕೆಳಗೆ ಟೈಲರ್ ಅಂಗಡಿ, ಮೇಲೆ ಬಾಡಿಗೆ ರೂಮು, ಹೊರಗಿನಿಂದ ಕಡಿದಾದ ಮೆಟ್ಟಿಲು. ದೋಶಿ ಮಾದರಿ ಹುಡುಕಬೇಕು, ಅಷ್ಟು ಬದಲಾಗಿದೆ. ಆದ್ರೆ ಜನ ಅಲ್ಲೇ ಇದ್ದಾರೆ, ಬೆಳೆದಿದ್ದಾರೆ.

ಮಣ್ಣುಪರೀಕ್ಷೆ
ಚಿಲಿಯ ಇಕಿಕೆ ಊರಿನಲ್ಲಿ 2004ರ ಹೊತ್ತಿಗೆ ವಾಸ್ತುಶಿಲ್ಪಿ ಅಲೆಹಾಂಡ್ರೊ ಅರವೇನಾ ತಂಡ ಇದನ್ನೇ ಇನ್ನೊಂದು ರೀತಿ ಮಾಡಿತು. ಕುಟುಂಬಕ್ಕೆ ಸರ್ಕಾರ ಕೊಡ್ತಿದ್ದದ್ದು 7,500 ಡಾಲರ್, ಜಾಗದ ಬೆಲೆಯೂ ಅದರಲ್ಲೇ. ಅಷ್ಟರಲ್ಲಿ ಇಡೀ ಮನೆ ಆಗಲ್ಲ, ಚಿಕ್ಕ ಮನೆ ಬೇಡ, ಒಳ್ಳೆ ಮನೆಯ ಅರ್ಧ ಕಟ್ಟೋಣ ಅಂತ ತೀರ್ಮಾನಿಸಿದ್ರು. ಕುಟುಂಬ ತಾನಾಗಿ ಕಟ್ಟಿಕೊಳ್ಳೋಕೆ ಕಷ್ಟ ಆಗೋ ಅರ್ಧ: ಅಡುಗೆಮನೆ, ಬಚ್ಚಲು, ಮೆಟ್ಟಿಲು, ಗಟ್ಟಿ ಗೋಡೆ. ಪಕ್ಕದ ಅರ್ಧ ಖಾಲಿ. ಜನ ತುಂಬಿಕೊಂಡರು.

ಪಂಚಾಯ್ತಿ_ಮೆಂಬರ್
ಅರ್ಧ ಮನೆ ಕೊಟ್ಟು ಸರ್ಕಾರ ಕೈತೊಳ್ಕೊಳ್ಳೋಕೆ ಇದೊಂದು ನೆಪ ಆಗಬಾರದು. ದಿನಗೂಲಿಯೋರು ಮಿಕ್ಕ ಅರ್ಧಕ್ಕೆ ಎಲ್ಲಿಗೆ ಹೋಗಬೇಕು?

ಇಂದೋರ್_ಕನ್ನಡಿಗ
ನಿಮ್ಮ ಮಾತು ಒಪ್ತೀನಿ. ಕೆಲಸ ಸಿಗೋ ಜಾಗದ ಹತ್ತಿರ ಇದ್ರೆ ಮಾತ್ರ ಜನ ದುಡಿದು ಮಿಕ್ಕಿದ್ದು ಕಟ್ಟಿಕೊಳ್ತಾರೆ. ಊರಾಚೆ ಹತ್ತು ಮೈಲಿಗೆ ಎಸೆದ್ರೆ ಅರ್ಧ ಅರ್ಧವಾಗೇ ಉಳಿಯುತ್ತೆ.

ಮುಂಬೈ_ಹೊಟೇಲ್_ಮಗ
ನವಿ ಮುಂಬೈ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಕಟ್ಟಿಸಿದ ಮನೆಗಳನ್ನೂ ನೋಡಬೇಕು. ಅಕ್ಕಪಕ್ಕದ ಮನೆಗೆ ಒಂದೇ ಗೋಡೆ ಇಡಲಿಲ್ಲ, ಪ್ರತಿ ಮನೆಗೂ ಅದರದ್ದೇ ನಾಲ್ಕು ಗೋಡೆ. ಪಕ್ಕದವರ ಒಪ್ಪಿಗೆ ಕೇಳದೆ ವಿಸ್ತರಿಸಬಹುದು. ಎಷ್ಟೋ ಜನ ಹಳೇದನ್ನ ಕೆಡವಿ ದೊಡ್ಡ ಮನೆ ಎತ್ತಿದ್ದಾರೆ ಈಗ. ಅಣ್ಣ-ತಮ್ಮ ಇರೋ ಕಡೆ ಇದು ದೊಡ್ಡ ಪಾಠ. ತಿಪಟೂರಿನವರೇ, ತಮ್ಮ ಮುಂದೆ ಬಂದ್ರೆ ಅಂದ್ರಲ್ಲ, ಮೆಟ್ಟಿಲು ಹೊರಗಡೆಯಿಂದಲೇ ಇಡಿ. ಮೇಲಿನ ಮನೆಯ ಕರೆಂಟು ಮೀಟರು, ನೀರಿನ ಪೈಪು ಬೇರೆ. ಪ್ರೀತಿ ಉಳಿಯುತ್ತೆ.

ಮಂಡ್ಯ_ನಾಲೆ
ಹೊರಗೆ ಮೆಟ್ಟಿಲು ಇಟ್ರೆ ಮನೆ ಒಡೆದ ಹಾಗೆ. ಕೂಡಿದ್ದ ಸಂಸಾರಕ್ಕೆ ಒಳಗೇ ಮೆಟ್ಟಿಲಿರಬೇಕು.

ಮುಂಬೈ_ಹೊಟೇಲ್_ಮಗ
ತಮ್ಮ ಬರದಿದ್ರೆ ಬಾಡಿಗೆಗೆ ಕೊಡಬೇಕಲ್ಲ ಸಾರ್. ಬಾಡಿಗೆಯವರು ನಿಮ್ಮ ಹಾಲ್ ದಾಟಿ ಮೇಲೆ ಹೋಗಬೇಕಾ?

ಶುಶ್ರೂಷೆ_ಸುಮಾ
ಆ ಬಾಡಿಗೆಯೇ ಎಷ್ಟೋ ಮನೇಲಿ ಅಪ್ಪ-ಅಮ್ಮನ ಔಷಧದ ದುಡ್ಡು. ಹೊರಗಿನ ಮೆಟ್ಟಿಲಿಗೇ ನನ್ನ ಓಟು.

ತಿಪಟೂರು_ತೆಂಗು
ಎಲ್ಲರಿಗೂ ತುಂಬಾ ಧನ್ಯವಾದ. ಮನೇಲಿ ಕೂತು ಓದಿ ಹೇಳಿದೆ, ಅಮ್ಮ ಹೊಸ್ತಿಲ ವಿಷಯ ಎರಡು ಸಲ ಓದಿಸಿದ್ರು. ಈಗಿನ ಯೋಚನೆ: ಕಾಲಂ ಇಲ್ಲ, ಎರಡಂತಸ್ತಿಗೆ ಸಾಕಾಗೋ ಪಾಯ, ಈಗ ಆರೂವರೆ ಚದರ, ಪಕ್ಕದಲ್ಲಿ ರ‍್ಯಾಂಪು, ಹೊರಗೆ ಮೆಟ್ಟಿಲಿಗೆ ಜಾಗ ಬಿಡೋದು. ಉಳಿದಿರೋದು ಎರಡು ಪ್ರಶ್ನೆ. ಮೇಲೆ ಮುಂದೆ ಕಟ್ಟೋಕೆ ಕಂಬಿ ಬಿಡ್ತಾರಲ್ಲ, ಅದು ನಮಗೂ ಬೇಕಾ? ಮತ್ತೆ ಮಣ್ಣಿನ ಬ್ಲಾಕು ಅಂದ್ರೆ ಬ್ಯಾಂಕಿನವರು ಸಾಲ ಕೊಡ್ತಾರಾ?

ಸಿವಿಲ್_ಶಶಿ
ಗೋಡೆ ಭಾರ ಹೊರೋ ಮನೆಗೆ ಕಾಲಂ ಕಂಬಿ ಪ್ರಶ್ನೆ ಬರಲ್ಲ. ಮೂಲೆಯಲ್ಲಿ ನೇರ ಕಂಬಿ ಬಿಟ್ಟಿದ್ರೆ ಮಾತ್ರ ಅದನ್ನ ಹಾಗೇ ಬಿಸಿಲು ಮಳೆಗೆ ಬಿಡಬೇಡಿ. ಹತ್ತು ವರ್ಷ ಆಕಾಶ ನೋಡ್ಕೊಂಡು ನಿಂತ ಕಂಬಿ ಬುಡದಲ್ಲೇ ಸವೆದಿರುತ್ತೆ, ನೀರು ಅದೇ ದಾರಿ ಹಿಡಿದು ಸ್ಲ್ಯಾಬಿಗೂ ಇಳಿಯುತ್ತೆ. ಸಿಮೆಂಟ್ ಹಾಲು ಬಳಿದು, ಸುತ್ತ ತೆಳು ಕಾಂಕ್ರೀಟು ಹಾಕಿ ಮುಚ್ಚಿಸಿ. ಮೇಲೆ ಕಟ್ಟುವಾಗ ಒಡೆದರಾಯ್ತು.

ಬಿಸಿಲಿಗೆ ಸ್ಲ್ಯಾಬಿನ ಮೇಲೆ ಬಿಳಿ ಬಣ್ಣ ಬಳಿಸಿ. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಅಂತಲೇ ಸರ್ಕಾರಿ ನೀತಿ ತಂದಿದೆ. ಮೇಲಿನ ಮನೆ ಕಟ್ಟೋವರೆಗೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ, ಆದ್ರೆ ಧೂಳು ಕೂತು ಮಂಕಾಗುತ್ತೆ, ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು.

ಕೆರೆಯಂಗಳ
ಬ್ಯಾಂಕಿನ ವಿಷಯ ನನ್ನ ಅನುಭವದಿಂದ ಹೇಳ್ತೀನಿ. ನಾವು ಮೊದಲು ಹೋದ ಬ್ಯಾಂಕಿನಲ್ಲಿ ಮನೆಗೆ ಬೆಲೆ ಕಟ್ಟೋ ವ್ಯಾಲ್ಯುಯರ್ ಬಂದು ನೋಡಿ 'ಮಣ್ಣಿನ ಮನೆ' ಅಂತ ಒಂದೇ ಪದ ಬರೆದು ಹೋದ್ರು, ಸಾಲ ಅಲ್ಲಿಗೇ ನಿಂತಿತು. ಇನ್ನೊಂದು ಬ್ಯಾಂಕಿಗೆ ಹೋಗುವಾಗ ಇಂಜಿನಿಯರ್ ಪತ್ರದಲ್ಲಿ 'ಸ್ಥಿರೀಕರಿಸಿದ ಮಣ್ಣಿನ ಬ್ಲಾಕ್, ಐಎಸ್ 1725' ಅಂತ ಬರೆಸಿದ್ವಿ. ಅದು ಭಾರತೀಯ ಮಾನಕ, 2013ರಲ್ಲಿ ಪರಿಷ್ಕರಿಸಿದ್ದು. ಲ್ಯಾಬಿನಲ್ಲಿ ಬ್ಲಾಕನ್ನ ನೀರಲ್ಲಿ ನೆನೆಸಿ ಒತ್ತಿ ನೋಡಿದ ವರದಿನೂ ಲಗತ್ತಿಸಿದ್ವಿ. ಸಾಲ ಸಿಕ್ತು. ಅರ್ಜಿ ಹಾಕೋ ಮೊದಲೇ ಈ ಎರಡು ಕಾಗದ ಕೈಲಿರಲಿ.

ಗಾರೆ_ಮಂಜಣ್ಣ
ತಿಪಟೂರಿನ ಅಣ್ಣಾ, ಬ್ಯಾಂಕಿಗೆ ಹೋಗೋಕೂ ಮೊದಲು ಸಂಪು ತೆಗೆಸಿಬಿಡಿ. ನೀರು ಹೇಗೂ ಬೇಕು, ಮಣ್ಣೂ ಕಾಣುತ್ತೆ. ನಾಲ್ಕಡಿ ಕೆಳಗಿನ ಮಣ್ಣು ಬಾಟ್ಲಿಗೆ ಹಾಕಿ, ಮಾರನೇ ದಿನ ಫೋಟೋ ಇಲ್ಲಿ ಹಾಕಿ. ಜೇಡಿ ಜಾಸ್ತಿ ಬಂದ್ರೆ ಮಣ್ಣಿನ ಬ್ಲಾಕಿನ ಆಸೆ ಬಿಟ್ಟು ಎಂಟಿಂಚು ಸಾಲಿಡ್ ಬ್ಲಾಕಲ್ಲೇ ಕಟ್ಟಿ. ಬಾಗಿಲು, ರ‍್ಯಾಂಪು, ಸೂರು ಮಾತ್ರ ಬಿಡಬೇಡಿ.